ಬೆಳೆಯಲು ಬಿಟ್ಟ ಜಾಗ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ನನ್ನ ಕೆಲಸಕ್ಕೆ ಸಿಟ್ಟು ಬೇಕು. ಬಾಹ್ಯಾಕಾಶಕ್ಕೆ ಹೋಗಿಬರುವ ಗುಂಡಿಗೆ ಇರುವವರು ಕೂಡ ಬೆನ್ನಿಗೆ ತಣ್ಣನೆಯ ಪ್ಲಾಸ್ಟರ್ ತಾಗಿದ್ದೇ ತಡ, ಕಚಗುಳಿಯಿಟ್ಟ ಮಕ್ಕಳ ಹಾಗೆ ಮಿಸುಕಾಡುತ್ತಾರೆ. ಮಿಸುಕಿದರೆ ಅಚ್ಚು ಕೆಟ್ಟಿತು. ಆಗ ನಾನು ಗದರುತ್ತೇನೆ, ಅವರು ತೆಪ್ಪಗೆ ಬಿದ್ದುಕೊಳ್ಳುತ್ತಾರೆ. ಪ್ಲಾಸ್ಟರ್ ಕಲಸುವವಳು ಅಂತ ಕೇಂದ್ರದವರೆಲ್ಲ ನನಗೆ ಗಾರೆಯಕ್ಕ ಎಂದು ಹೆಸರಿಟ್ಟಿದ್ದಾರೆ. ನಿರ್ದೇಶಕರೂ ಹಾಗೇ ಕರೆಯುತ್ತಾರೆ.

ನಾನು ಮಾಡುವುದು ಆಸನದ ಅಚ್ಚು. ನೌಕೆಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಅವರವರ ಬೆನ್ನಿನ ಆಕಾರಕ್ಕೆ ಕಡೆದ ಒಂದು ಹಾಸು ಬೇಕು. ವಾಪಸು ಬರುವಾಗ ಪ್ಯಾರಾಚೂಟ್ ಬಿಚ್ಚಿಕೊಂಡರೂ ಕೊನೆಗೆ ನೌಕೆ ನೆಲಕ್ಕೆ ಬಡಿಯುವುದು ಬಡಿಯುವುದೇ. ಬೆನ್ನೂ ಹಾಸೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಆ ಹೊಡೆತ ಮೈತುಂಬ ಹಂಚಿಹೋಗುತ್ತದೆ. ನಡುವೆ ಟೊಳ್ಳಿದ್ದರೆ ಇಡೀ ಹೊಡೆತ ಬೆನ್ನುಮೂಳೆಯ ಮೇಲೆ. ಈ ಕೆಲಸಕ್ಕೆ ಬರುವ ಮೊದಲು ನಾನು ಆಸ್ಪತ್ರೆಯೊಂದರಲ್ಲಿ ಕೃತಕ ಕಾಲು ಮಾಡುತ್ತಿದ್ದೆ. ಬೆನ್ನುಮೂಳೆ ಮುರಿದವರನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಆ ಟೊಳ್ಳು ಎಂದರೆ ನನಗೆ ನಿಜವಾಗಿಯೂ ಭಯ.

ಇನ್ನೊಂದು ವಿಷಯ ಹೇಳಬೇಕು. ಮೇಲೆ ಹೋದವರು ಬೆಳೆಯುತ್ತಾರೆ. ತಮಾಷೆ ಮಾಡುತ್ತಿಲ್ಲ. ಮೈಭಾರ ಇಲ್ಲದ ಕಡೆ ಬೆನ್ನುಮೂಳೆಯ ಮಣಿಗಳು ಸಡಿಲವಾಗಿ ಮನುಷ್ಯ ಒಂದೆರಡು ಬೆರಳು ಉದ್ದವಾಗುತ್ತಾನೆ, ಕೆಳಗೆ ಬಂದ ಮೇಲೆ ಮತ್ತೆ ಮೊದಲಿನಂತಾಗುತ್ತಾನೆ. ಹೋಗುವಾಗ ಸರಿಯಾಗಿದ್ದ ಹಾಸು ಬರುವಾಗ ಗಿಡ್ಡವಾಗಬಾರದಲ್ಲ? ಅದಕ್ಕೇ ಅಚ್ಚು ತೆಗೆಯುವಾಗಲೇ ತಲೆಯ ಮೇಲೊಂದು, ಹೆಗಲ ಮೇಲೊಂದು ಉಣ್ಣೆಪಟ್ಟಿ ಇಟ್ಟು, ಅಷ್ಟು ಜಾಗ ಮೊದಲೇ ಬಿಟ್ಟುಕೊಳ್ಳುವುದು ನಮ್ಮ ಕೋಣೆಯ ಪದ್ಧತಿ.

ಈಗ ತಂಗಿಯ ವಿಷಯ. ನನ್ನ ತಂಗಿಯೇ ಮೇಲೆ, ಬಾಹ್ಯಾಕಾಶ ನಿಲ್ದಾಣದಲ್ಲಿದ್ದಳು. ಇಂಜಿನಿಯರ್. ಪತ್ರಿಕೆಯವರು ಅವಳಿಗೆ ಏನೇನೋ ದೊಡ್ಡ ಬಿರುದು ಕೊಟ್ಟಿದ್ದರು, ಮನೆಯಲ್ಲಿ ಮಾತ್ರ ಅವಳು ಗಿಡ್ಡಿ. ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು, ಗಿಡ್ಡಿಗೆ ಬಟ್ಟೆ ಹೊಲಿಸುವ ಉಸಾಬರಿ ನನ್ನದು. ಟೈಲರ್ ಮುಂದೆ ಅವಳನ್ನು ನಿಲ್ಲಿಸಿ, "ಬೆಳೆಯೋ ಹುಡುಗಿ, ಎರಡು ಬೆರಳು ಬಿಟ್ಟು ಹೊಲೀರಿ" ಎನ್ನುತ್ತಿದ್ದೆ. ಅವಳೋ ಬೆಳೆಯಲೇ ಇಲ್ಲ. ಶಾಲೆಯ ಗುಂಪು ಫೋಟೋದಲ್ಲಿ ಅವಳ ಕೈಗಳು ಕಾಣುವುದಿಲ್ಲ, ಕೋಟಿನ ತೋಳು ನುಂಗಿಬಿಟ್ಟಿದೆ. "ಅಕ್ಕ ಕೊಡಿಸಿದ್ದು ಯಾವುದೂ ನನ್ನ ಅಳತೆಗಿಲ್ಲ" ಎಂದು ಅವಳು ಮುಖ ಊದಿಸಿಕೊಂಡು ಅಮ್ಮನ ಹತ್ತಿರ ದೂರು ಹೇಳುತ್ತಿದ್ದಳು. ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವಳು ಮೇಲೆ ಹೋಗುವ ಮೊದಲು ಅವಳ ಅಚ್ಚು ತೆಗೆದವಳೂ ನಾನೇ. ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎಲ್ಲರಿಗೂ ಇಡುವ ಉಣ್ಣೆಪಟ್ಟಿಯ ಜೊತೆಗೆ ಅವಳಿಗೆ ಇನ್ನೊಂದು ಪದರ ಇಟ್ಟೆ. ನಮ್ಮ ನೌಕೆಯ ಆಸನಕ್ಕೆ ಗಾಳಿದಿಂಬು ಇರುತ್ತದೆ, ಹೆಚ್ಚು ಉಳಿದ ಜಾಗವನ್ನು ಅದು ತುಂಬಿಕೊಳ್ಳುತ್ತದೆ. ಹಾಗಾಗಿ ಒಂದು ಪದರ ಜಾಸ್ತಿಯಾದರೆ ಗಂಟೇನೂ ಹೋಗುವುದಿಲ್ಲ ಅಂದುಕೊಂಡೆ, ಯಾರಿಗೂ ಹೇಳಲೂ ಇಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಒಂದು ದಿನ ಸಾಸಿವೆ ಕಾಳಿನಷ್ಟು ಚಿಕ್ಕ ಕಲ್ಲೊಂದು ಎಲ್ಲಿಂದಲೋ ಹಾರಿಬಂದು, ನಿಲ್ದಾಣಕ್ಕೆ ಅಂಟಿಕೊಂಡು ನಿಂತಿದ್ದ ನಮ್ಮ ನೌಕೆಯ ತಂಪುಕೊಳವೆಗೆ ತೂತು ಮಾಡಿತು. ನಿಲ್ದಾಣಕ್ಕೆ ಏನೂ ಆಗಲಿಲ್ಲ. ಒಳಗಿದ್ದ ಗಿಡ್ಡಿ, ಅವಳ ಜೊತೆ ಹೋಗಿದ್ದ ನಮ್ಮ ಕ್ಯಾಪ್ಟನ್, ನಮ್ಮೊಂದಿಗೆ ಸೇರಿ ನಿಲ್ದಾಣ ನಡೆಸುವ ಆಚೆ ದೇಶದ ಕಮಾಂಡರ್ ಎಲ್ಲರೂ ಕ್ಷೇಮ. ಆದರೆ ತಂಪು ಇಲ್ಲದ ಆ ನೌಕೆಯಲ್ಲಿ ಕೂತು ವಾಪಸು ಬಂದರೆ ಒಳಗಿದ್ದವರು ಬೆಂದುಹೋಗುತ್ತಾರೆ. ಕಮಾಂಡರ್ ಬಂದ ನೌಕೆಯಲ್ಲಿ ಇನ್ನಿಬ್ಬರಿಗೆ ಜಾಗವಿರಲಿಲ್ಲ. ಗಿಡ್ಡಿ ಮತ್ತು ಕ್ಯಾಪ್ಟನ್ ಇಬ್ಬರಿಗೂ ಮನೆಗೆ ಬರುವ ದಾರಿ ಮುಚ್ಚಿಹೋಯಿತು.

ಆ ಸಂಜೆ ಅಮ್ಮ ಟಿವಿ ಮುಂದೆ ಕೂತು, "ಈಗ ಹೇಗೇ?" ಎಂದು ಕೇಳಿದಳು.

"ಆಚೆಯವರು ಇದ್ದಾರಲ್ಲಮ್ಮ" ಎಂದೆ. "ಖಾಲಿ ನೌಕೆ ಕಳಿಸ್ತೀವಿ, ಅದರಲ್ಲಿ ಇಬ್ಬರನ್ನೂ ಕರ್ಕೊಂಡು ಬರ್ತೀವಿ ಅಂದಿದ್ದಾರೆ."

"ಯಾರೋ ಏನೋ, ನಮ್ಮ ಹುಡುಗೀನ ಹುಷಾರಾಗಿ ನೋಡ್ಕೋತಾರಾ?"

"ಅವರ ಕಮಾಂಡರ್ ಕೂಡ ಅಲ್ಲೇ ಇದ್ದಾನೆ. ನಾಳೆ ಅವರ ನೌಕೆಗೆ ಕಲ್ಲು ಬಿದ್ರೆ ನಾವೇ ತಾನೇ ಕಳಿಸಬೇಕು? ಮೇಲೆ ಹೋದ್ಮೇಲೆ ಎಲ್ಲರೂ ಒಂದೇ ಮನೆಯವರು."

ಸುಮ್ಮನೆ ಧೈರ್ಯ ಹೇಳಿದ್ದಲ್ಲ. ಆಚೆಯವರ ಕೆಲಸದ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ನನಗೆ ಆಗದೆ ಇದ್ದದ್ದು ಅವರ ಅಚ್ಚಿನ ಮೇಸ್ತ್ರಿ ಒಬ್ಬನೇ.

ಎರಡೂ ದೇಶದವರು ಒಟ್ಟಿಗೆ ತರಬೇತಿ ಶುರು ಮಾಡಿದಾಗ ಈ ಮೇಸ್ತ್ರಿ ನಮ್ಮಲ್ಲಿಗೆ ಬಂದಿದ್ದ. ನರೆತ ಹುಬ್ಬು, ಸೌದೆಯಂಥ ಕೈ, ಬಾಯಲ್ಲಿ ಸದಾ ಶಿಳ್ಳೆ. ನಾನು ಗಿಡ್ಡಿಯ ಅಚ್ಚು ತೆಗೆಯಲು ಅವಳನ್ನು ಪ್ಲಾಸ್ಟರಿನಲ್ಲಿ ಮಲಗಿಸಿದ್ದೆ. ಈ ಮನುಷ್ಯ ಬಾಗಿಲಲ್ಲಿ ನಿಂತು ಎಂಥದೋ ಕುಣಿಯುವ ಧಾಟಿಯಲ್ಲಿ ಶಿಳ್ಳೆ ಹಾಕಿದ. ಗಿಡ್ಡಿ ಕಿಸಕ್ಕನೆ ನಕ್ಕಳು. ಅಚ್ಚು ಬಿರುಕು ಬಿಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಆಚೆ ನಡೀರಿ! ನನ್ನ ಕೋಣೆ ಒಳಗೆ ಕಾಲಿಟ್ಟರೆ ನೋಡಿ!" ಎಂದು ಬಾಯಿಗೆ ಬಂದ ಹಾಗೆ ಬೈದೆ. ಜೊತೆಗಿದ್ದ ದುಭಾಷಿ ಮೇಡಂ ನನ್ನ ಅಷ್ಟೂ ಬೈಗುಳವನ್ನು ಕೇಳಿಸಿಕೊಂಡು, ಅವನ ಭಾಷೆಯಲ್ಲಿ ಎರಡೇ ಎರಡು ಮಾತು ಆಡಿದಳು.

"ಏನಂದ್ರಿ ಅವರಿಗೆ?" ಎಂದು ಕೇಳಿದೆ.

"ಅಕ್ಕಾವ್ರಿಗೆ ಸ್ವಲ್ಪ ಏಕಾಂತ ಬೇಕಂತೆ, ಅಂದೆ" ಎಂದಳು.

ಮೇಸ್ತ್ರಿಗೇನು ಅರ್ಥವಾಗದೇ ಇರುತ್ತದಾ? ನನ್ನ ಮುಖ ನೋಡಿಯೇ ತಿಳಿದುಕೊಂಡು ಹೊರಟುಹೋದ. ಹೀಗಾಗಿ ನಾನು ಹೊಸದಾಗಿ ಅಚ್ಚು ತೆಗೆದಾಗ ಅವನು ನೋಡಲಿಲ್ಲ. ನಾವು ಅವನ ಊರಿಗೆ ಹೋದಾಗ ಅವನೂ ತನ್ನ ಕೋಣೆಯ ಬಾಗಿಲನ್ನು ನನ್ನ ಮುಖದ ಮೇಲೇ ಹಾಕಿಕೊಂಡ. ಲೆಕ್ಕ ಚುಕ್ತಾ ಆಯಿತು ಎಂದು ನಾನೂ ಸುಮ್ಮನಾದೆ.

ಈಗ ಅದೇ ಮೇಸ್ತ್ರಿಯೇ ನನ್ನ ತಂಗಿಗೆ ಹೊಸ ಹಾಸು ಮಾಡಬೇಕಿತ್ತು. ನಮ್ಮ ಹಾಸು ಅವರ ಆಸನಕ್ಕೆ ಕೂರುವುದಿಲ್ಲ, ಅಗಲವೇ ಬೇರೆ. ನಾನು ಗಿಡ್ಡಿಯದೂ ಕ್ಯಾಪ್ಟನ್ನರದೂ ಬೆನ್ನಚ್ಚಿನ ಆಕಾರವನ್ನು ಕಂಪ್ಯೂಟರಿಗೆ ಏರಿಸಿ ಅವರಿಗೆ ಕಳಿಸಿದೆ. ಅವನು ಅದನ್ನು ನೋಡಿಕೊಂಡು ಕಡೆದ. ನೌಕೆ ಹಾರುವ ದಿನ ಹತ್ತಿರ ಬಂದಿತ್ತು, ಹಾಸುಗಳನ್ನು ಮಾರನೇ ದಿನ ಪೆಟ್ಟಿಗೆಗೆ ತುಂಬಬೇಕು ಎನ್ನುವಾಗ ವಿಡಿಯೋ ಕರೆ ಬಂತು.

ಪರದೆಯ ಮೇಲೆ ಮೇಸ್ತ್ರಿ, ಪಕ್ಕದಲ್ಲಿ ಆಸನದ ಮೇಲೆ ಕೂರಿಸಿದ ಹಾಸು. ಪೆಟ್ಟಿಗೆಗೆ ತುಂಬುವ ಮೊದಲು ಅದೇ ಎತ್ತರದ ಯಾರನ್ನಾದರೂ ಅದರಲ್ಲಿ ಮಲಗಿಸಿ ನೋಡುವುದು ಅವನ ಪದ್ಧತಿಯಂತೆ. ಅವನ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು, ಗಿಡ್ಡಿಯಷ್ಟೇ ಎತ್ತರದವಳು, ಬೆಳೆಯುವ ಲೆಕ್ಕಕ್ಕೆ ತಲೆಗೊಂದು ದಪ್ಪ ಟೋಪಿ ಹಾಕಿಕೊಂಡು ಹಾಸಿನಲ್ಲಿ ಮಲಗಿದಳು. ಮೇಸ್ತ್ರಿ ತನ್ನ ಅಂಗೈಯನ್ನು ಅವಳ ನಡುಬೆನ್ನಿನ ಕೆಳಗೆ ತೂರಿಸಿದ. ಕೈ ಸಲೀಸಾಗಿ ಒಳಗೆ ಹೋಯಿತು.

ಅವನು ಏನೋ ಕೇಳಿದ. ನಮ್ಮ ಕಡೆ ಕೂತಿದ್ದ ದುಭಾಷಿ ಮೇಡಂ ಗಂಟಲು ಸರಿಮಾಡಿಕೊಂಡಳು. "ನಿಮ್ಮ ತಂಗಿ ನಿಜವಾಗ್ಲೂ ಇಷ್ಟು ಉದ್ದ ಇದ್ದಾರಾ ಅಂತ ಕೇಳ್ತಿದ್ದಾರೆ. ತರಬೇತಿಯಲ್ಲಿ ನೋಡಿದ ನೆನಪಿಗೆ ಅವರು ಗಿಡ್ಡ ಅಂತಿದ್ದಾರೆ."

ನನಗೆ ಎಲ್ಲಿತ್ತೋ ಸಿಟ್ಟು! "ನನ್ನ ತಂಗಿ ಅಳತೆ ನನಗಿಂತ ಇವರಿಗೆ ಚೆನ್ನಾಗಿ ಗೊತ್ತಾ? ನಾನು ಕಳಿಸಿದ ಆಕಾರದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕಡೆಯೋಕೆ ಬರದಿದ್ರೆ ಬರಲ್ಲ ಅನ್ನಿ, ನನ್ನ ಮೇಲೆ ಯಾಕೆ ಹಾಕ್ತೀರ? ಶಿಳ್ಳೆ ಹಾಕ್ತಾ ಕಡೆದ್ರೆ ಹೀಗೇ ಆಗೋದು!"

ದುಭಾಷಿ ಮೇಡಂ ಹೇಳಿದ್ದು ಒಂದೇ ಮಾತು. ಮೇಸ್ತ್ರಿಯ ಮುಖ ಕೆಂಪಾಯಿತು. ಆ ಒಂದು ಮಾತು ಯಾವುದು ಅಂತ ಈ ಸಲ ನಾನು ಕೇಳಲಿಲ್ಲ. ಪರದೆ ಆರಿಸಿ, ಕೋಟು ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟೆ.

ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವನನ್ನು ಬೈದುಕೊಂಡೆ. ಆದರೆ ಆ ಅಂಗೈ ಕಣ್ಣಿಂದ ಮರೆಯಾಗಲಿಲ್ಲ. ಹಾಸಿನಲ್ಲಿ ಮಲಗಿದವಳ ನಡುಬೆನ್ನಿನ ಕೆಳಗೆ ಇಡೀ ಅಂಗೈ ತೂರಿತ್ತು. ಅವರ ಆಸನಕ್ಕೆ ನಮ್ಮದರಂತೆ ಗಾಳಿದಿಂಬಿಲ್ಲ, ಹಾಸು ಹೇಗಿದೆಯೋ ಹಾಗೇ.

ಮನೆಗೆ ಬಂದರೆ ಅಮ್ಮ ಕಿಟಕಿಯ ಬೆಳಕಿನಲ್ಲಿ ಗಿಡ್ಡಿಯ ಕೋಟು ಹರಡಿಕೊಂಡು ಕೂತಿದ್ದಳು. ಕತ್ತರಿಯ ತುದಿಯಿಂದ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು.

"ಏನಮ್ಮ ಮಾಡ್ತಿದ್ದೀಯ?"

"ಇಳಿಯೋ ಕಡೆ ಚಳಿ ಇರುತ್ತಂತೆ. ಕೋಟು ಕಳಿಸೋಣ ಅಂತ. ಮೇಲೆ ಹೋಗಿ ಬೆಳೆದಿದ್ದಾಳೆ ಅಂದೆಯಲ್ಲ? ಒಂದೆರಡು ಬೆರಳು ಬಿಡ್ತಿದ್ದೀನಿ."

ನನಗೆ ನಗು ಬಂತು. "ಅಯ್ಯೋ, ಅದನ್ನ ಹೊಲಿಸುವಾಗಲೇ ನಾನು ಎರಡು ಬೆರಳು ಬಿಟ್ಟಿದ್ದೆ. ಈಗಲೇ ಅವಳಿಗೆ ಡೇರೆ ಥರ ಆಗುತ್ತೆ. ಇನ್ನೂ ಬಿಟ್ರೆ ಅದರೊಳಗೆ ಅವಳನ್ನ ಹುಡುಕಬೇಕಾಗುತ್ತೆ."

"ನಂಗೇನು ಗೊತ್ತು? ನೀನು ಹೇಳಲಿಲ್ಲ" ಎಂದಳು ಅಮ್ಮ.

ನಾನು ಹೇಳಲಿಲ್ಲ. ಮೇಸ್ತ್ರಿಗೂ ಹೇಳಲಿಲ್ಲ. ಉಣ್ಣೆಪಟ್ಟಿ ಇಟ್ಟೇ ಅಚ್ಚು ತೆಗೆಯುವುದು ನಮ್ಮ ಪದ್ಧತಿ ಎಂದು ಅವನಿಗೆ ಗೊತ್ತೇ ಇಲ್ಲ, ಅವನು ಅದನ್ನು ನೋಡದ ಹಾಗೆ ಕೋಣೆಯಿಂದ ಓಡಿಸಿದವಳು ನಾನು. ನಾನು ಕಳಿಸಿದ ಆಕಾರವನ್ನು ಬರೀ ಮೈಯ ಆಕಾರ ಎಂದುಕೊಂಡು ಅವನೂ ಬೆಳೆಯಲು ಜಾಗ ಬಿಟ್ಟಿದ್ದರೆ? ಅಮ್ಮನ ಕೈಯಲ್ಲಿದ್ದ ಕೋಟಿನ ಗತಿಯೇ ಆ ಹಾಸಿಗೂ. ಸೊಂಟದ ತಿರುವು ಇರಬೇಕಾದ ಕಡೆ ಟೊಳ್ಳು, ಕತ್ತು ಕೂರಬೇಕಾದ ಕಡೆ ತಲೆ. ಅದರಲ್ಲಿ ಕೂತು ನನ್ನ ತಂಗಿ ನೆಲಕ್ಕೆ ಬಡಿಯುತ್ತಾಳೆ.

"ಏನಾಯ್ತೇ?" ಎಂದು ಅಮ್ಮ ಕೂಗುತ್ತಿದ್ದಳು. ನಾನು ಆಗಲೇ ಮೆಟ್ಟಿಲು ಇಳಿಯುತ್ತಿದ್ದೆ.

ನಿರ್ದೇಶಕರ ಕೋಣೆಗೆ ಬಾಗಿಲು ತಟ್ಟದೇ ನುಗ್ಗಿದೆ. ಅವರು ಚಹಾ ಕುಡಿಯುತ್ತಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಒಂದು ಪದರ ಜಾಸ್ತಿ ಇಟ್ಟಿದ್ದನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಗಾರೆಯಕ್ಕ, ಇದು ಎರಡು ದೇಶದ ವಿಷಯ. ಯಾರ ತಪ್ಪು ಅನ್ನೋ ಪ್ರಶ್ನೆ ಬಂದೇ ಬರುತ್ತೆ."

"ಬರಲಿ ಸಾರ್. ನನ್ನದು ಅಂತ ಹೇಳಿ. ಅವರದ್ದೂ ಇದೆ ಅನ್ನೋದಾದ್ರೆ ಆಮೇಲೆ ಕೂತು ಜಗಳ ಆಡೋಣ. ಈಗ ಫೋನ್ ಮಾಡಿ."

ಒಳ್ಳೆಯ ಮನುಷ್ಯ. ಫೋನ್ ಎತ್ತಿಕೊಂಡರು.

ಪರದೆಯ ಮೇಲೆ ಮತ್ತೆ ಮೇಸ್ತ್ರಿ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ನಾನು ದುಭಾಷಿ ಮೇಡಂ ಕಡೆ ತಿರುಗಿ, "ನೋಡಿ, ಈ ಸಲ ಒಂದಕ್ಷರವನ್ನೂ ನುಂಗಬೇಡಿ, ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ" ಎಂದೆ. ಅವಳು ತಲೆಯಾಡಿಸಿದಳು. ನಾನು ಉಣ್ಣೆಪಟ್ಟಿಯನ್ನು ಕೈಯಲ್ಲಿ ಎತ್ತಿ ತೋರಿಸಿದೆ. ಎಲ್ಲಿ ಇಡುತ್ತೇವೆ, ಯಾಕೆ ಇಡುತ್ತೇವೆ ಎಂದು ಹೇಳಿದೆ. "ನಾನು ಇದರ ಮೇಲೆ ಇನ್ನೊಂದು ಪದರ ಇಟ್ಟೆ. ನನ್ನ ತಂಗಿ ಅನ್ನೋ ಕಾರಣಕ್ಕೆ. ನೀವು ಕೇಳಿದಾಗ ಕೂಗಾಡಿದೆ. ನೀವು ಕೇಳಿದ್ದು ಸರಿ ಇತ್ತು" ಎಂದೆ.

ದುಭಾಷಿ ಮೇಡಂ ಬಹಳ ಹೊತ್ತು ಮಾತಾಡಿದಳು. ಮೇಸ್ತ್ರಿ ಮೇಜಿನ ಮೇಲಿದ್ದ ಒರಟು ಅರವನ್ನು ಎತ್ತಿ ತೋರಿಸಿದ. ಅವರಲ್ಲಿ ಬರೀ ಮೈಯ ಅಚ್ಚು ತೆಗೆದು, ಹಾಸು ಕಡೆದ ಮೇಲೆ ಅರ ಹಾಕಿ ಉಜ್ಜಿ ಜಾಗ ಮಾಡುತ್ತಾರಂತೆ. ಮಾಡಿದ್ದಾನೆ. ಆಮೇಲೆ ಅವನು ತಲೆ ಕೆರೆದುಕೊಂಡು, ನೆಲ ನೋಡುತ್ತಾ ಇನ್ನೂ ಏನೋ ಗೊಣಗಿದ.

"ಅವರೂ ಒಂದು ಚೂರು ಜಾಸ್ತಿ ಉಜ್ಜಿದ್ದಾರಂತೆ" ಎಂದಳು ದುಭಾಷಿ ಮೇಡಂ. "ಬೇರೆಯವರ ಮನೆ ಹುಡುಗಿ, ಇಕ್ಕಟ್ಟಾಗಬಾರದು ಅಂತ."

ನಿರ್ದೇಶಕರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಮ್ಮ ಪದ್ಧತಿ, ಅವರ ಪದ್ಧತಿ, ನನ್ನ ಅಕ್ಕರೆ, ಅವನ ಮರ್ಯಾದೆ. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಎಲ್ಲರ ಒಳ್ಳೆಯತನವೂ ಸೇರಿ ನನ್ನ ತಂಗಿಯ ಬೆನ್ನಿನ ಹಿಂದೆ ಒಂದು ಅಂಗೈಯಷ್ಟು ಟೊಳ್ಳಾಗಿತ್ತು.

ಉಡಾವಣೆ ಮುಂದೂಡುವಂತಿರಲಿಲ್ಲ, ಪೆಟ್ಟಿಗೆ ತುಂಬುವುದನ್ನು ಮಾತ್ರ ಕೊನೆಯ ದಿನದವರೆಗೆ ತಡೆದರು. ಗಿಡ್ಡಿಯ ಮೂಲ ಬೆನ್ನಚ್ಚನ್ನು ಎತ್ತಿಕೊಂಡು ನಾನೇ ಹೊರಟೆ, ಜೊತೆಗೆ ದುಭಾಷಿ ಮೇಡಂ. ಅಚ್ಚನ್ನು ಸಾಮಾನಿನ ಜೊತೆ ಹಾಕಲು ನಾನು ಒಪ್ಪಲಿಲ್ಲ. ವಿಮಾನದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆ. ಪರಿಚಾರಕಿ ಬಂದು ಅದನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. "ನನ್ನ ತಂಗಿ" ಎಂದೆ. ಪಾಪ, ಅವಳು ಮತ್ತೆ ನಮ್ಮ ಸಾಲಿನ ಕಡೆ ಸುಳಿಯಲಿಲ್ಲ.

ಮೇಸ್ತ್ರಿ ಬಾಗಿಲಲ್ಲೇ ಕಾಯುತ್ತಿದ್ದ. ಅಂದು ನನ್ನ ಮುಖದ ಮೇಲೆ ಹಾಕಿಕೊಂಡ ಅದೇ ಬಾಗಿಲು. ಈಗ ಅದನ್ನು ಹಾರುಹೊಡೆದು ಇಟ್ಟಿದ್ದ. ಒಳಗೆ ಉದ್ದನೆಯ ಮರದ ಮೇಜು, ಗೋಡೆಯ ತುಂಬ ಅರಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ನನ್ನ ಕೋಣೆಯಲ್ಲೂ ಹಾಗೇ ಜೋಡಿಸುವುದು. ಕಿಟಕಿಯ ಬದಿಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬಕೆಟ್ಟು, ಅದೂ ಹಾಗೇ. ಥೂ, ಈ ಮನುಷ್ಯನ ಜೊತೆ ಇಷ್ಟು ದಿನ ಯಾಕೆ ಜಗಳ ಆಡಿದೆ ಅನ್ನಿಸಿತು.

ಈಗ ಬೇಕಾಗಿದ್ದದ್ದು ಗಿಡ್ಡಿ ಮೇಲೆ ನಿಜವಾಗಿ ಎಷ್ಟು ಬೆಳೆದಿದ್ದಾಳೆ ಎಂಬುದು. ಅಂದಾಜಿನ ಕಾಲ ಮುಗಿದಿತ್ತು. ಅವರ ನಿಯಂತ್ರಣ ಕೋಣೆಯಿಂದ ನಿಲ್ದಾಣಕ್ಕೆ ಮಾತಾಡಲು ನನ್ನನ್ನು ಕೂರಿಸಿದರು. ಪರದೆಯಲ್ಲಿ ಗಿಡ್ಡಿ ತಲೆಕೂದಲು ನಾಲ್ಕು ದಿಕ್ಕಿಗೂ ಹಾರಿಸಿಕೊಂಡು ತೇಲಿಬಂದಳು.

"ಅಕ್ಕಾ! ನೀನೇನು ಅಲ್ಲಿ? ಮೇಸ್ತ್ರಿ ಇನ್ನೂ ಬದುಕಿದ್ದಾರಾ?"

"ಬಾಯಿ ಮುಚ್ಚು. ನಿನ್ನ ಕೂತ ಎತ್ತರ ಅಳೀಬೇಕು. ಟೇಪ್ ತಗೋ."

"ಈಗ ನಾನು ನಿನ್ನಷ್ಟೇ ಉದ್ದ ಇದ್ದೀನಿ, ಗೊತ್ತಾ? ಬಂದ್ಮೇಲೆ ಗಿಡ್ಡಿ ಅಂತ ಕರೆದ್ರೆ ಕೇಸು ಹಾಕ್ತೀನಿ."

ನನಗೆ ಅವಳ ಕಳ್ಳಾಟ ಗೊತ್ತಿತ್ತು. ಚಿಕ್ಕವಳಿದ್ದಾಗ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗುರುತು ಹಾಕುವಾಗ ಗದ್ದ ಎತ್ತಿ, ಹೆಗಲು ಏರಿಸಿ ಒಂದು ಬೆರಳು ಕದಿಯುತ್ತಿದ್ದಳು. "ಕಮಾಂಡರನ್ನ ಕರಿ" ಎಂದೆ. ಆಚೆ ದೇಶದ ಆ ಎತ್ತರದ ಮನುಷ್ಯ ತೇಲಿಬಂದ. "ಅವಳ ತೊಡೆ ಮೇಲೆ ಪಟ್ಟಿ ಬಿಗೀರಿ. ಹೆಗಲು ಒತ್ತಿ ಹಿಡೀರಿ. ಗದ್ದ ಎತ್ತಿದ್ರೆ ತಲೆ ಮೇಲೊಂದು ಮೊಟಕಿ." ದುಭಾಷಿ ಮೇಡಂ ಅದನ್ನೂ ಬಿಡದೆ ಹೇಳಿದಳು. ಕಮಾಂಡರ್ ಗಂಭೀರವಾಗಿ ಸಲಾಮು ಹೊಡೆದು ಹೇಳಿದ ಹಾಗೇ ಮಾಡಿದ. ನಮ್ಮ ಕ್ಯಾಪ್ಟನ್ ಟೇಪ್ ಹಿಡಿದರು. ಕೆಳಗೆ ಎರಡೂ ದೇಶದವರು ಉಸಿರು ಬಿಗಿಹಿಡಿದು ನನ್ನ ತಂಗಿಯ ಎತ್ತರಕ್ಕಾಗಿ ಕಾದೆವು.

ಅವಳು ಬೆಳೆದಿದ್ದದ್ದು ಒಂದು ಬೆರಳಿಗಿಂತ ಸ್ವಲ್ಪ ಜಾಸ್ತಿ. ಅಷ್ಟೇ.

"ಗಿಡ್ಡಿ" ಎಂದೆ. ಈಗ ಹೇಳದೆ ಇರುವಂತಿರಲಿಲ್ಲ. "ನಿನ್ನ ಹಾಸು ತಪ್ಪಾಗಿತ್ತು. ನಾನು ಜಾಸ್ತಿ ಜಾಗ ಬಿಟ್ಟಿದ್ದೆ. ಮೇಸ್ತ್ರಿ ಕೈ ಹಾಕಿ ನೋಡದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಹೊಸದು ಮಾಡ್ತೀವಿ, ನಾವಿಬ್ಬರೂ ಸೇರಿ." ಆಚೆ ನಿಂತಿದ್ದ ಮೇಸ್ತ್ರಿಯನ್ನು ಪರದೆಯ ಮುಂದಕ್ಕೆ ಎಳೆದುಕೊಂಡೆ.

ಅವಳಿಗೆ ಆ ಟೊಳ್ಳಿನ ಅರ್ಥ ನನ್ನಷ್ಟೇ ಚೆನ್ನಾಗಿ ಗೊತ್ತು. "ಭಯ ಆಗ್ತಿದೆಯಾ?" ಎಂದೆ.

"ಆಗ್ತಿತ್ತು" ಎಂದಳು. "ನಿಮ್ಮಿಬ್ಬರ ಮುಖ ಒಂದೇ ಪರದೆಯಲ್ಲಿ ನೋಡಿದ್ಮೇಲೆ ಹೋಯ್ತು. ನೀವಿಬ್ಬರೂ ರಾಜಿ ಆಗಿದ್ದೀರ ಅಂದ್ರೆ ಇನ್ನು ನನಗೇನೂ ಆಗಲ್ಲ. ಮಾಡಿ ಕಳಿಸು, ಕೂತ್ಕೋತೀನಿ."

ಕೆಲಸಕ್ಕೆ ಇಳಿದೆವು. ಬೆನ್ನಚ್ಚಿನ ಮೇಲೆ ನನ್ನ ಉಣ್ಣೆಪಟ್ಟಿಗಳು ಬಿಟ್ಟ ಉಬ್ಬನ್ನು ನಾನು ಕೆತ್ತಿ ತೆಗೆದೆ, ಅಳೆದು ಬಂದಷ್ಟೇ ಎತ್ತರ ಉಳಿಸಿದೆ. ಮೇಸ್ತ್ರಿ ಹೊಸ ಹಾಸು ಕಡೆದ. ಅವನು ಉಜ್ಜುವಾಗ ನಾನು ಕೈ ತೋರಿಸಿದರೆ ನಿಲ್ಲಿಸುತ್ತಿದ್ದ, ನಾನು ಕೆತ್ತುವಾಗ ಅವನು ಮೇಜು ತಟ್ಟಿದರೆ ನಾನು ನಿಲ್ಲಿಸುತ್ತಿದ್ದೆ. ಕೆಲಸದ ನಡುವೆ ದುಭಾಷಿ ಮೇಡಂ ಕುರ್ಚಿಯಲ್ಲೇ ನಿದ್ದೆ ಹೋದಳು. ನಮಗೆ ಗೊತ್ತಾಗಲೇ ಇಲ್ಲ. ಕ್ಯಾಪ್ಟನ್ನರ ಹಾಸಿನ ತಪ್ಪು ಚಿಕ್ಕದು, ಅದನ್ನೂ ಅದೇ ಕೈಯಲ್ಲಿ ಸರಿಮಾಡಿದೆವು. ಗಿಡ್ಡಿಯ ಹಾಸು ಮುಗಿದಾಗ ಆ ಹೆಂಗಸನ್ನು, ಗಿಡ್ಡಿ ಬೆಳೆದಷ್ಟೇ ದಪ್ಪದ ಟೋಪಿ ಹಾಕಿಸಿ, ಮತ್ತೆ ಮಲಗಿಸಿದೆವು. ಮೇಸ್ತ್ರಿ ಅಂಗೈ ತೂರಿಸಲು ನೋಡಿದ. ಆಗಲಿಲ್ಲ. ನಾನು ಒಂದು ಬೆರಳು ತೂರಿಸಲು ನೋಡಿದೆ. ಅದೂ ಹೋಗಲಿಲ್ಲ. ಮೇಸ್ತ್ರಿ ಶಿಳ್ಳೆ ಹಾಕಿದ, ಅಂದಿನ ಅದೇ ಕುಣಿಯುವ ಧಾಟಿ. ನಾನು ಬೈಯಲಿಲ್ಲ.

ಪೆಟ್ಟಿಗೆ ಸೀಲಾಯಿತು, ಖಾಲಿ ನೌಕೆ ಹಾರಿತು, ನಿಲ್ದಾಣಕ್ಕೆ ಸಲೀಸಾಗಿ ಹೋಗಿ ಅಂಟಿಕೊಂಡಿತು. ನಾನು ಮನೆಗೆ ವಾಪಸು ಹೋಗಲಿಲ್ಲ. ಗಿಡ್ಡಿ ಇಳಿಯುವವರೆಗೂ ಅಲ್ಲೇ ಉಳಿದೆ.

ಇಳಿಯುವ ದಿನ ಅವರ ನಿಯಂತ್ರಣ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ನಾನೂ ಮೇಸ್ತ್ರಿಯೂ ನಿಂತಿದ್ದೆವು. ಕೂರಲು ಇಬ್ಬರಿಗೂ ಆಗಲಿಲ್ಲ. ನೌಕೆ ಗಾಳಿಯೊಳಗೆ ನುಗ್ಗಿದ ಮೇಲೆ ಮಾತು ಕೇಳಿಸುವುದಿಲ್ಲ, ಸುತ್ತ ಬೆಂಕಿ. ಇದು ಯಾವಾಗಲೂ ಹೀಗೇ ಎಂದು ಎಲ್ಲರಿಗೂ ಗೊತ್ತು, ಆದರೂ ಆ ಮೌನದಲ್ಲಿ ಇಡೀ ಕೋಣೆ ಪರದೆಯಲ್ಲೇ ಕಣ್ಣಿಟ್ಟು ನಿಂತಿತ್ತು. ಮೊದಲು ಕ್ಯಾಪ್ಟನ್ನರ ದನಿ ಬಂತು. ಪ್ಯಾರಾಚೂಟ್ ಬಿಚ್ಚಿತು. ಕೆಲವರು ಚಪ್ಪಾಳೆ ತಟ್ಟಿದರು. ನಾವಿಬ್ಬರೂ ತಟ್ಟಲಿಲ್ಲ. ನಮ್ಮ ಕೆಲಸ ಇರುವುದು ಕೊನೆಯ ಹೊಡೆತದಲ್ಲಿ.

ಬಯಲಿನಲ್ಲಿ ಧೂಳು ಎದ್ದಿತು. ಬಡಿಯಿತು. ಗಾಳಿ ಜೋರಾಗಿತ್ತು, ನೌಕೆ ಒಂದು ಸಲ ಪುಟಿದು ಅಡ್ಡ ಬಿತ್ತು. ನನ್ನ ಕೈ ಯಾವಾಗ ಮೇಸ್ತ್ರಿಯ ತೋಳು ಹಿಡಿದಿತ್ತೋ ನನಗೇ ಗೊತ್ತಿಲ್ಲ, ಆಮೇಲೆ ನೋಡಿದರೆ ಉಗುರು ನೆಟ್ಟಿತ್ತು. ಹೆಲಿಕಾಪ್ಟರ್‌ಗಳು ಇಳಿದವು, ಕೆಂಪು ಅಂಗಿಯವರು ಓಡಿದರು, ಬಾಗಿಲು ತೆಗೆದರು. ಕ್ಯಾಪ್ಟನ್ನರನ್ನು ಎತ್ತಿ ಹೊರಗೆ ಕೂರಿಸಿದರು. ಆಮೇಲೆ ಗಿಡ್ಡಿ. ವೈದ್ಯರು ಅವಳ ಮುಂದೆ ಮಂಡಿಯೂರಿ ಏನೋ ಕೇಳಿದರು. ಅವಳು ಎರಡೂ ಪಾದ ಆಡಿಸಿ ತೋರಿಸಿದಳು. ನನಗೆ ಅಳು ಬಂತು, ಅತ್ತೆ, ಅದರಲ್ಲೇನು ಮುಚ್ಚುಮರೆ.

ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರು ನನ್ನ ಕೈಗೆ ಫೋನ್ ಕೊಟ್ಟರು. ಬಯಲಿನ ಗಾಳಿಯ ಸದ್ದು, ಅದರ ನಡುವೆ ಅವಳ ದನಿ.

"ಅಕ್ಕಾ?"

"ಹೇಳೇ. ಬೆನ್ನು ಹೇಗಿದೆ? ಎಲ್ಲಾದ್ರೂ ನೋವಾ? ಸೊಂಟ? ಕತ್ತು?"

"ಏನೂ ಇಲ್ಲ. ಎಷ್ಟು ಜೋರಾಗಿ ಬಿದ್ವಿ ಗೊತ್ತಾ? ಆದ್ರೆ ಹಾಸು ನನ್ನನ್ನ ಎರಡೂ ಕೈಯಲ್ಲಿ ಹಿಡ್ಕೊಂಡ ಹಾಗಿತ್ತು." ಅವಳು ಉಸಿರೆಳೆದುಕೊಂಡಳು. "ಅಕ್ಕಾ, ಹುಟ್ಟಿದಾಗಿಂದ ಇದೇ ಮೊದಲ ಸಲ ನೀನು ಕೊಟ್ಟಿದ್ದು ನನ್ನ ಅಳತೆಗೆ ಸರಿಯಾಗಿತ್ತು."

ನಾನು ಫೋನನ್ನು ಎದೆಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಮೇಸ್ತ್ರಿ ಗಾಬರಿಯಾಗಿ ದುಭಾಷಿ ಮೇಡಂ ಮುಖ ನೋಡಿದ. ಅವಳು ಅಷ್ಟನ್ನೂ ಅವನಿಗೆ ಹೇಳಿದಳು, ಒಂದಕ್ಷರ ಬಿಡದೆ. ಅವನು ಗೋಡೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡ.

ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಟಿವಿಯಲ್ಲಿ ಎಲ್ಲ ನೋಡಿದ್ದಳು, ಅಳುತ್ತಾ ನಗುತ್ತಾ ಏನೇನೋ ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿದ ಮೇಲೆ, "ಅಮ್ಮಾ, ಆ ಕೋಟಿನ ಅಂಚು ಬಿಚ್ಚಿದ್ದೆಯಲ್ಲ" ಎಂದೆ.

"ಹೂಂ, ಅದಕ್ಕೇನೀಗ?"

"ಒಳಗೆ ಮಡಚಿ ಹೊಲಿ. ತೋಳೂ ಮಡಚು. ಅವಳು ಎಷ್ಟು ಇದ್ದಾಳೋ ಅಷ್ಟಕ್ಕೇ."